ಶಿರಸ್ತೇದಾರರ ಬಿಳಿ ಗುಳಿಗೆ

೨೬-೧೦-೬೫, ಮಂಗಳವಾರ. ಬೆಳಿಗ್ಗೆ.

ಜಗುಲಿ ಆಗಲೇ ತುಂಬಿದೆ. ಕೆಮ್ಮುವವರು, ಸೀನುವವರು, ಹಬ್ಬದ ಹೋಳಿಗೆ ಮಿತಿಮೀರಿ ತಿಂದು ಹೊಟ್ಟೆ ಹಿಡಿದುಕೊಂಡವರು. ಏನೂ ಇಲ್ಲದೆ ಬಂದವರೂ ಇದ್ದಾರೆ. ಶಿರಸ್ತೇದಾರರ ಕಣ್ಣಿಗೆ ಬಿದ್ದಿದ್ದರೆ ತಾಲ್ಲೂಕು ಕಛೇರಿಯಲ್ಲಿ ಕೆಲಸ ಸಲೀಸು, ಅದಕ್ಕೆ ಒಂದು ಕೆಮ್ಮು ಕೆಮ್ಮಿದರಾಯಿತು.

ಶಿರಸ್ತೇದಾರರು, ಅಂದರೆ ನಮ್ಮ ಯಜಮಾನರು, ಸ್ನಾನ ಸಂಧ್ಯಾವಂದನೆ ಮುಗಿಸಿ, ಹಣೆಗೆ ಗಂಧವಿಟ್ಟು, ಮರದ ಪೆಟ್ಟಿಗೆ ಬಿಚ್ಚಿ ಕೂತಿದ್ದಾರೆ. ಒಳಗೆ ಸಾಲಾಗಿ ಪುಟ್ಟ ಸೀಸೆಗಳು. ಎಲ್ಲದರಲ್ಲೂ ಬಿಳಿ ಗುಳಿಗೆ. ಸಾಸಿವೆಗಿಂತ ಸ್ವಲ್ಪ ದಪ್ಪ, ಬಾಯಿಗೆ ಸಕ್ಕರೆ. ತೀರ್ಥಹಳ್ಳಿಯಲ್ಲಿ ಕೆಲಸದಲ್ಲಿದ್ದಾಗ ಒಬ್ಬ ರಿಟೈರ್ಡ್ ಮೇಷ್ಟರು ಒಂದು ಬೇಸಿಗೆ ರಜದಲ್ಲಿ ಕಲಿಸಿದ ವಿದ್ಯೆ. ಆ ಮೇಷ್ಟರು ಮಾತ್ರ ಸ್ವಂತ ಹೊಟ್ಟೆ ನೋಯಲು ಶುರುವಾದಾಗ ಮಂಗಳೂರಿಗೆ ಓಡಿಹೋಗಿ ಆಪರೇಷನ್ ಮಾಡಿಸಿಕೊಂಡರು. ಆ ಭಾಗವನ್ನು ಇವರು ಯಾರಿಗೂ ಹೇಳುವುದಿಲ್ಲ.

ನಾಡಿ ಹಿಡಿದು ಕಣ್ಣು ಮುಚ್ಚುತ್ತಾರೆ. ಧ್ಯಾನ... ಆಮೇಲೆ "ಹ್ಞೂಂ, ವಾಯು." ಇಲ್ಲವೇ "ಹ್ಞೂಂ, ಉಷ್ಣ." ಮೂರನೆಯದು ಅವರಿಗೆ ಗೊತ್ತಿಲ್ಲ. ನೆಗಡಿ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಹೋಗುವ ದಿನ ಮಾತ್ರ ಇವರ ಹೆಸರು ಹೇಳಿ ಹೋಗುತ್ತದೆ.

ಎಲ್ಲರೂ "ಡಾಕ್ಟ್ರೇ" ಎನ್ನುತ್ತಾರೆ. ಇವರು "ಛೇ ಛೇ, ಹಾಗನ್ನಬಾರದು" ಎನ್ನುತ್ತಾರೆ. ಮುಖ ಮಾತ್ರ ಕಜ್ಜಾಯದ ಹಾಗೆ ಉಬ್ಬುತ್ತದೆ.

ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಸಾಗರದ ಹುಡುಗಿಯರಿಗೆಲ್ಲ ಮೊದಲಿಗಳು. ಈಗ ಒಳಗೆ ಕಾಫಿ ಸೋಸುತ್ತಿದ್ದೇನೆ.

೩೦-೧೦-೬೫

ಅತ್ತೆ ಮೀನಾಕ್ಷಮ್ಮನವರು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು — ಮಗನ ಕೈಯಲ್ಲಿ ಧನ್ವಂತರಿ ಇದ್ದಾನಂತೆ. ಹೇಳುವಾಗ ಮಂಡಿಗೆ ಅಂಗಡಿಯ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ವಾಸನೆ ಇಡೀ ಮನೆಗೆ.

೫-೧೧-೬೫, ಶುಕ್ರವಾರ

ಪೇಟೆ ಮೂಲೆಯಲ್ಲಿ ಹೋಟೆಲಿಟ್ಟಿರುವ ಪುಟ್ಟಪ್ಪ ದೊಡ್ಡ ಮಗಳನ್ನು ಎತ್ತಿಕೊಂಡು ಬಂದಿದ್ದ. ಶರಾವತಿ ಅಂತ ಹೆಸರು, ಈ ವರ್ಷ ಶಾಲೆಗೆ ಸೇರಿದವಳು. ಗಂಟಲು ನೋವು. ಜ್ವರ ಅಷ್ಟೇನಿಲ್ಲ. ಮಾತು ಮೂಗಿನಿಂದ ಬರುತ್ತಿತ್ತು. ಅಪ್ಪನ ಹೆಗಲಿನ ಮೇಲೆ ತಲೆ ಹಾಕಿದ್ದು ಎತ್ತಲೇ ಇಲ್ಲ.

"ನೆಲ್ಲಿಕಾಯಿ ತಿಂದಿರ್ತಾಳೆ" ಎಂದರು ನಮ್ಮವರು.

"ತಿಂದಿದ್ಲು, ಸ್ವಾಮಿ" ಎಂದ ಪುಟ್ಟಪ್ಪ, ದೇವರು ಮೈಮೇಲೆ ಬಂದು ಹೇಳಿದ ಹಾಗೆ ಬೆರಗಾಗಿ. ಕಾರ್ತಿಕ ಮಾಸದಲ್ಲಿ ಈ ಊರಲ್ಲಿ ನೆಲ್ಲಿಕಾಯಿ ತಿನ್ನದ ಮಗು ಯಾವುದು? ಬಾಯಿ ತೆರೆಸಿ ನೋಡಲೂ ಇಲ್ಲ ಇವರು. ಗುಳಿಗೆ ಕೊಟ್ಟು, ಹುಳಿ ಬಿಡಿ ಎಂದರು. ಕೈಮುಗಿದು ಹೋದ.

೯-೧೧-೬೫, ಮಂಗಳವಾರ

ಶರಾವತಿ ಹೋಯಿತು. ಬೆಳಿಗ್ಗೆ.

ಪುಟ್ಟಪ್ಪನ ಹೋಟೆಲು ಬಾಗಿಲು ಹಾಕಿದೆ. ಇವರು ನೋಡಿಕೊಂಡು ಬಂದು ಬಾವಿಕಟ್ಟೆಯಲ್ಲಿ ಮಿಂದರು. "ಆಯಸ್ಸು ಅಷ್ಟೇ ಇತ್ತು" ಎಂದರು. ಎಲೆ ಮುಂದೆ ಕೂತು ಸಾರು ಎರಡನೇ ಸಲ ಬಡಿಸಿಕೊಂಡರು. ಉಪ್ಪು ಒಂದು ಕಲ್ಲು ಕಡಿಮೆಯಾಗಿದೆ ಎಂದರು.

ಗಂಟಲು ನೋವಿಗೆ ಮಗು ಸಾಯುತ್ತದೆಯೇ? ಕೇಳಿದೆ. "ನಿಂಗೆ ಎಂತ ಗೊತ್ತಿದ್ದು, ಸುಮ್ನಿರು" ಎಂದರು.

ಸುಮ್ಮನಿದ್ದೆ. ಅದೊಂದು ಚೆನ್ನಾಗಿ ಬರುತ್ತದೆ ನನಗೆ.

೧೦-೧೧-೬೫, ಬುಧವಾರ

ಇವರಿಗೆ ನೆಗಡಿ. ಸೀನು ಬಂದರೆ ಹೆಂಚು ಅದುರುತ್ತದೆ. ಪೆಟ್ಟಿಗೆಯಿಂದ ಒಂದಾದ ಮೇಲೊಂದು ಸೀಸೆ ತೆಗೆದು ಬಾಯಿಗೆ ಸುರಿದುಕೊಳ್ಳುತ್ತಿದ್ದಾರೆ. ಮೂಗು ಅದರ ಪಾಡಿಗೆ ಸುರಿಯುತ್ತಿದೆ.

ಗುತ್ತಿ ಮಜ್ಜಿಗೆಗೆ ಬರಲಿಲ್ಲ ಇವತ್ತು. ನಮ್ಮ ಹಿತ್ತಿಲಾಚೆ ಹೆಂಚಿನ ಕೋಣೆಯಲ್ಲಿರುವ ಜವಾನ ಹುಲಿಯಪ್ಪನ ಮಗಳು. ಗುತ್ಯಮ್ಮ ಎಂದು ದೇವಿಯ ಹೆಸರಿಟ್ಟು ಎಲ್ಲರೂ ಗುತ್ತಿ ಎನ್ನುತ್ತಾರೆ. ದಿನಾ ತಂಬಿಗೆ ಹಿಡಿದು ಬಂದು, ನಾನು ಮಜ್ಜಿಗೆ ಹಾಕುವ ತನಕ ಬಾಗಿಲ ಹೊರಗೆ ನಿಂತು ಮಗ್ಗಿ ಹೇಳುತ್ತದೆ. ತಪ್ಪು ತಪ್ಪು. ತಿದ್ದಿದರೆ ನಗುತ್ತದೆ.

ಅವಳ ತಾಯಿ ಕನ್ನಮ್ಮ ತಂಬಿಗೆ ತಂದಳು. "ಗಂಟ್ಲು ನೋವು ಅಂತದೆ ಕಣ್ರಮ್ಮ. ಸಾಹೇಬ್ರು ಗುಳಿಗೆ ಕೊಟ್ಟಾರೆ, ಇಳೀತದೆ."

ಗುತ್ತಿಯೂ ಶರಾವತಿಯೂ ಶಾಲೆಯಲ್ಲಿ ಒಂದೇ ಮಣೆ.

೧೧-೧೧-೬೫, ಗುರುವಾರ. ಮಧ್ಯಾಹ್ನ.

ಇವರು ಕಛೇರಿಗೆ ಹೋದ ಮೇಲೆ ಹಿತ್ತಿಲು ದಾಟಿ ಹೋದೆ. ಅತ್ತೆ ನೋಡಿದರು. ನೋಡಲಿ.

ಚಾಪೆಯ ಮೇಲೆ ಗೋಡೆಗೆ ಮುಖ ಹಾಕಿ ಮಲಗಿದೆ. ಬೆಳಕಿಗೆ ಎತ್ತಿಕೊಂಡು ಬಂದು ಬಾಯಿ ತೆರೆಸಿದೆ. ಗಂಟಲಿನ ಒಳಗೆ ಎರಡೂ ಕಡೆ ಬೂದಿ ಬಣ್ಣದ ಪೊರೆ, ಹಾಲು ಕಾಯಿಸಿಟ್ಟು ಮರೆತರೆ ಕೆನೆ ಕೊಳಕಾಗಿ ಗಟ್ಟಿಯಾಗುತ್ತದಲ್ಲ ಹಾಗೆ. ಕೆಟ್ಟ ವಾಸನೆ. ಕತ್ತು ದವಡೆಯ ಕೆಳಗೆ ಊದಿಕೊಂಡಿದೆ. ನೀರು ಕೊಟ್ಟರೆ ನುಂಗಲಾರದೆ ಅತ್ತಿತು. ಅಳುವಿಗೂ ದನಿಯಿಲ್ಲ.

ಮೈ ಮುಟ್ಟಿದರೆ ಅಂಥ ಜ್ವರವೇ ಇಲ್ಲ. ಅದಕ್ಕೇ ಇವರೆಲ್ಲ ಸುಮ್ಮನಿರುವುದು. ಮೈ ಸುಟ್ಟರೆ ಮಾತ್ರ ಕಾಯಿಲೆ ಎಂದುಕೊಂಡಿದ್ದಾರೆ.

ಹುಲಿಯಪ್ಪ ಊಟಕ್ಕೆ ಬಂದಿದ್ದ. ಹೇಳಿದೆ — "ಮಧ್ಯಾಹ್ನದ ಬಸ್ಸಿಗೆ ಹೊರಡು. ಸಾಗರವೋ ಶಿವಮೊಗ್ಗವೋ, ಮೊದಲು ಬಂದದ್ದು ಹತ್ತು."

"ಸಾಹೇಬ್ರು ಗುಳಿಗೆ ಕೊಟ್ಟಾರಲ್ರಮ್ಮ."

"ಗುಳಿಗೆ ತಿಂದ ಮೇಲೆ ಕಡಿಮೆಯಾಯಿತೋ, ಜಾಸ್ತಿಯಾಯಿತೋ?"

ತಲೆ ಕೆರೆದುಕೊಂಡ. "ನಾಳೆಗೆ ಇಳೀತದೆ ಅಂದಾರೆ. ಈಗ ಬ್ಯಾರೆ ಕಡೆ ಹೋದ್ರೆ... ಅವ್ರಿಗೆ ಬೇಜಾರಾಗಲ್ವ್ರ? ನಾಳೆ ನಾನು ಅವ್ರ ಮುಂದೆ ಹೆಂಗೆ ನಿಲ್ಲದು?"

ಮಗು ಸಾಯುತ್ತಿದೆ, ಇವನಿಗೆ ಸಾಹೇಬರ ಬೇಜಾರಿನ ಚಿಂತೆ. ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ಬೈಸಿಕೊಂಡ. ಬೈಸಿಕೊಳ್ಳುವುದು ಅಭ್ಯಾಸವಾಗಿ ಹೋಗಿದೆ ಈ ಜನಕ್ಕೆ, ಕಿವಿಯ ಒಳಗೇ ಇಳಿಯುವುದಿಲ್ಲ.

ಇಲ್ಲಿಯ ಡಾಕ್ಟರು ಸಿಡುಬಿನ ಕ್ಯಾಂಪಿಗೆಂದು ನಗರ ಹೋಬಳಿಯ ಹಳ್ಳಿಗಳಿಗೆ ಹೋಗಿದ್ದಾರೆ. ಬರುವುದು ಸೋಮವಾರವಂತೆ. ಸೋಮವಾರದ ತನಕ ಕಾಯುವ ಮುಖವಲ್ಲ ಅದು.

ಅದೇ ದಿನ. ಸಂಜೆ.

ಇವರು ಬಂದ ಕೂಡಲೇ ಹೇಳಿದೆ. ಪೊರೆ, ವಾಸನೆ, ಊದು, ಎಲ್ಲ.

"ಟಾನ್ಸಿಲ್" ಎಂದರು. ಸೀನಿದರು. "ನೀ ಅಲ್ಲಿಗೆ ಎಂತಕ್ಕೆ ಹೋಗಿದ್ದೆ?"

ಸಾಗರದಿಂದ ಡಾಕ್ಟರನ್ನು ಕರೆಸೋಣ ಎಂದೆ. ನಕ್ಕರು. ಜವಾನನ ಮಗಳಿಗೆ ಸಾಗರದಿಂದ ಕಾರಿನಲ್ಲಿ ಡಾಕ್ಟರೇ! ಊರಿನವರು ಕೇಳಿದರೆ ಏನೆಂದಾರು? ಶಿರಸ್ತೇದಾರರಿಗೇ ತಮ್ಮ ಗುಳಿಗೆಯ ಮೇಲೆ ನಂಬಿಕೆಯಿಲ್ಲ ಎಂದಾರು. ಹ್ಞಾಂ, ಅಲ್ಲಿದೆ ಗಂಟು.

ಒಳಗೆ ಹೋಗಿ ಒಲೆ ಮುಂದೆ ಕೂತೆ. ಈ ಮನುಷ್ಯನಿಗೆ ದೇವರ ಭಯವಿಲ್ಲ, ಪಾಪದ ಭಯವಿಲ್ಲ. ಒಂದೇ ಒಂದು ಭಯವಿದೆ. ಅದು ನನಗೆ ಗೊತ್ತು.

ಕಷಾಯ ತೆಗೆದುಕೊಂಡು ಹೋಗಿ ಮುಂದೆ ಇಟ್ಟೆ. ಹೋಗದೆ ನಿಂತೆ. ಮುಖವನ್ನೇ ನೋಡಿದೆ.

"ಎಂತಕ್ಕೆ ಹಂಗೆ ನೋಡ್ತೆ?"

"ಎಂತ ಇಲ್ಲೆ. ನಿಂಗಳ ಅಣ್ಣನ ನೆನಪಾತು."

ಅಣ್ಣ ನ್ಯುಮೋನಿಯಾದಲ್ಲಿ ಹೋದವರು. ಇವರ ವಯಸ್ಸೇ ಆಗ. ಕಷಾಯದ ಲೋಟ ತುಟಿಯ ಹತ್ತಿರ ನಿಂತಿತು.

"ಅವಂಗೂ ಮೊದ್ಲು ಸೀನೇ ಅಲ್ದಾ ಬಂದಿದ್ದು?" ಎಂದರು.

"ನಂಗೆ ಗೊತ್ತಿಲ್ಲೆ. ಅತ್ತೆ ಹೇಳಿದ್ದು ಕೇಳಿದ್ದು ಅಷ್ಟೇ. ನಿಂಗೊ ಗುಳಿಗೆ ತಗಳಿ."

"ಎದೆ ಸ್ವಲ್ಪ ಬಿಗಿದಂಗೆ ಆಗ್ತಾ ಇದ್ದು..." ಎದೆಯ ಮೇಲೆ ಕೈಯಿಟ್ಟುಕೊಂಡರು. "ಇದು ಗುಳಿಗೆಗೆ ಬಗ್ಗದಲ್ಲ. ಡಾಕ್ಟ್ರನ್ನೇ ಕರೆಸವು."

ಎಷ್ಟು ಬೇಗ! ನಾನು ಇನ್ನೂ ನಾಲ್ಕು ಸುಳ್ಳು ಸಿದ್ಧ ಮಾಡಿಟ್ಟುಕೊಂಡಿದ್ದೆ, ಒಂದೂ ಖರ್ಚಾಗಲಿಲ್ಲ. ಜವಾನನ ಮಗಳಿಗೆ ಸಕ್ಕರೆ, ತನ್ನ ಮೂಗಿಗೆ ಎಂ.ಬಿ.ಬಿ.ಎಸ್.

ಕಛೇರಿಯಿಂದ ಟ್ರಂಕ್ ಕಾಲ್ ಮಾಡಿಸಲು ಹುಲಿಯಪ್ಪನನ್ನೇ ಓಡಿಸಿದರು. ಓಡಿದ. ಸ್ವಂತ ಮಗಳಿಗೆ ಓಡದ ಕಾಲು.

೧೨-೧೧-೬೫, ಶುಕ್ರವಾರ. ಬೆಳಿಗ್ಗೆ.

ಗುತ್ತಿಯ ಉಸಿರು ಹಿತ್ತಿಲ ತನಕ ಕೇಳುತ್ತದೆ. ಗರಗಸದ ಹಾಗೆ. ಇವರು ಮಫ್ಲರ್ ಸುತ್ತಿಕೊಂಡು ಮಂಚದ ಮೇಲೆ. ನಾಲಗೆ ಚಾಚಿ ಕನ್ನಡಿ ನೋಡಿಕೊಳ್ಳುತ್ತಿದ್ದಾರೆ.

ಡಾಕ್ಟರು ಯಾಕೆ ಇನ್ನೂ

ಕಾರಿನ ಸದ್ದು.

೨೩-೧೧-೬೫, ಮಂಗಳವಾರ

ನಿನ್ನೆ ಶಿವಮೊಗ್ಗದಿಂದ ಬಂದೆ. ಅತ್ತೆ ಹೊಸ್ತಿಲಲ್ಲೇ ತಡೆದರು — "ಬಾವಿಕಟ್ಟೆಲಿ ಮಿಂದ್ಕಂಡೇ ಒಳಗೆ ಬಾ ಮಾರಾಯ್ತಿ." ಬಟ್ಟೆ ಕುದಿಸಬೇಕು ಎಂದು ಡಾಕ್ಟರು ಹೇಳಿದ್ದರು, ಹೇಗೂ ಕುದಿಸುವವಳೇ. ಅತ್ತೆಯ ತಲೆಯಲ್ಲಿದ್ದದ್ದು ಕಾಯಿಲೆಯಲ್ಲ. ಜವಾನನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಊರೆಲ್ಲ ನೋಡುವಂತೆ ಕಾರಿನಲ್ಲಿ ಹೋದದ್ದು.

ಡೈರಿ ಒಯ್ದಿರಲಿಲ್ಲ. ಬರೆದಿಡಬೇಕು, ಇಲ್ಲದಿದ್ದರೆ ಈ ಮನೆಯಲ್ಲಿ ಎಲ್ಲವೂ ಬೇರೆ ಆಕಾರ ತಾಳುತ್ತದೆ.

ಆವತ್ತು ಬಂದವರು ಮುಕುಂದಯ್ಯ ಡಾಕ್ಟರು. ಕುಳ್ಳು, ಕೆಂಪು ಮುಖ. ಊರಿಗೆಲ್ಲ ತಾನೊಬ್ಬನೇ ಬುದ್ಧಿವಂತ ಎಂಬ ನಡಿಗೆ. ಮೊದಲ ನೋಟಕ್ಕೇ ಹಿಡಿಸಲಿಲ್ಲ. ಇವರ ಎದೆ, ಬೆನ್ನು, ಗಂಟಲು, ಎಲ್ಲ ನೋಡಿ ಸ್ಟೆತಾಸ್ಕೋಪ್ ಮಡಚಿದರು.

"ನೆಗಡಿ."

"ನೆಗಡಿ ಅಂದ್ರೆ...?"

"ನೆಗಡಿ ಅಂದ್ರೆ ನೆಗಡಿ, ಶಿರಸ್ತೇದಾರ್ರೇ. ಬಿಸಿನೀರು ಕುಡೀರಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಬೆಚ್ಚಗೆ ಮಲಗಿ. ನಾಲ್ಕು ದಿನಕ್ಕೆ ಹೋಗುತ್ತೆ."

"ಒಂದು ಪೆನಿಸಿಲಿನ್ ಆದ್ರೂ ಕೊಟ್ಟುಬಿಡಿ."

"ಯಾತಕ್ಕೆ? ನೆಗಡಿಗೆ ಪೆನಿಸಿಲಿನ್ನೂ ಒಂದೇ, ನಿಮ್ಮ ಪೆಟ್ಟಿಗೆ ಸಕ್ಕರೆಯೂ ಒಂದೇ. ನನ್ನ ಚೀಲದಲ್ಲಿರೋದು ಬೇಕಾದವರಿಗೆ."

ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಜೀವಮಾನದಲ್ಲಿ ಅಷ್ಟು ಸುಖ ಪಟ್ಟದ್ದು ಕಡಿಮೆ. ಸುಖ ಪಡುವ ಹೊತ್ತಲ್ಲ ಅದು. ಮುಂದೆ ಬಂದು ಹೇಳಿದೆ — ಹಿತ್ತಿಲಲ್ಲಿ ಒಂದು ಮಗುವಿದೆ, ಒಂದು ಗಳಿಗೆ ನೋಡಿ.

ಇವರು ಎದ್ದು ಕೂತರು. "ಅದು ಬರೀ ಟಾನ್ಸಿಲ್, ನಾನೇ ನೋಡ್ಕೊಳ್ತಾ ಇದ್ದೀನಿ..."

ಡಾಕ್ಟರು ಇವರ ಕಡೆ ತಿರುಗಲಿಲ್ಲ. ನನ್ನನ್ನು ನೋಡಿದರು. "ನನ್ನ ಕರೆಸಿದ್ದು ಯಾರಿಗೆ ಅಮ್ಮಾ?"

"ನಡೀರಿ" ಎಂದೆ.

ಚಮಚದ ಹಿಂಬದಿಯಿಂದ ನಾಲಗೆ ಒತ್ತಿ ಒಂದೇ ಸಲ ನೋಡಿದರು. ನಡಿಗೆಯ ಠೇಂಕಾರ ಎಲ್ಲಿ ಹೋಯಿತೋ. "ಗಂಟಲಮಾರಿ. ಡಿಫ್ತೀರಿಯಾ. ಎಷ್ಟು ದಿನ ಆಯ್ತು?" ನಾನೇ ಹೇಳಿದೆ. ಆಗಲೇ ಒಂದು ಇಂಜೆಕ್ಷನ್ ಚುಚ್ಚಿದರು. "ಇದು ಪೆನಿಸಿಲಿನ್. ಇದೊಂದೇ ಸಾಲದು, ವಿಷಕ್ಕೆ ಸೀರಮ್ ಬೇಕು. ಶಿವಮೊಗ್ಗದಲ್ಲಿದೆ. ಈಗಲೇ, ನನ್ನ ಕಾರಿನಲ್ಲೇ."

ಹುಲಿಯಪ್ಪ ರಜೆ ಕೇಳಲು ಇವರ ಮುಂದೆ ಹೋಗಿ ಕೈಕಟ್ಟಿ ನಿಂತ. ಇವರು ಗೋಡೆ ಕಡೆ ತಿರುಗಿ ಮಲಗಿದ್ದರು. ಅವನು ನಿಂತೇ ಇದ್ದ. ನಾನು ಕನ್ನಮ್ಮನನ್ನು ಎಳೆದು ಕಾರಿಗೆ ಹತ್ತಿಸಿದೆ. ಅವಳು ಶಿವಮೊಗ್ಗ ನೋಡಿದವಳಲ್ಲ, ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಮಗುವನ್ನು ನಾನೇ ಹಿಡಿದುಕೊಂಡೆ.

ಪೇಟೆ ಮೂಲೆಯಲ್ಲಿ ಕಾರು ನಿಲ್ಲಿಸಲು ಹೇಳಿದೆ. ಶರಾವತಿಯ ವಿಷಯ ತಿಳಿಸಿದೆ. ಡಾಕ್ಟರು ಇಳಿದು ಹೋಗಿ ಪುಟ್ಟಪ್ಪನ ಉಳಿದ ಮಕ್ಕಳ ಗಂಟಲು ನೋಡಿದರು. ಕಿರಿಯದಕ್ಕೆ ಸ್ವಲ್ಪ ಕೆಂಪು. ಅದಕ್ಕೂ ಸೂಜಿ. ಸಂಜೆ ಬಸ್ಸಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಬಾ, ತಪ್ಪಿಸಬೇಡ ಎಂದರು. ಪುಟ್ಟಪ್ಪ ಕಾರಿನ ತನಕ ಬಂದ. ಗಾಜಿನೊಳಗಿಂದ ಗುತ್ತಿಯ ಕತ್ತು ನೋಡಿದ.

"ಇದೇನಾ ಸ್ವಾಮಿ, ನಮ್ ಹುಡ್ಗೀಗೂ?"

"ಇದೇ."

"ಹಂಗಾರೆ... ಆವತ್ತೇ ನಿಮ್ಮತ್ರ ತಂದಿದ್ರೆ ಉಳೀತಿತ್ತಾ?"

ಸಾಗರದಿಂದ ಇಲ್ಲಿಯವರೆಗೆ ಯಾರ ಮುಲಾಜೂ ನೋಡದ ಆ ಒರಟು ಡಾಕ್ಟರು ಚೀಲದ ಬಕಲ್ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. "ಹೇಳಕ್ಕಾಗಲ್ಲಪ್ಪ" ಎಂದರು. "ಚಿಕ್ಕ ಮಗೂನ ನೋಡ್ಕೋ."

ಸುಳ್ಳು. ಹೇಳಲು ಬಾರದವರು ಹೇಳಿದ ಸುಳ್ಳು. ಪುಟ್ಟಪ್ಪನಿಗೂ ಗೊತ್ತಾಯಿತು ಎಂದು ಕಾಣುತ್ತದೆ. ಕಾರು ತಿರುಗುವ ತನಕ ಬೀದಿಯಲ್ಲೇ ನಿಂತಿದ್ದ.

ದಾರಿಯಲ್ಲಿ ಕೇಳಿದೆ, ಡಾಕ್ಟರನ್ನು ಯಾವಾಗ ಕರೆಸಬೇಕು, ಯಾವಾಗ ಬೇಡ, ಹೇಗೆ ತಿಳಿಯುವುದು? ನನ್ನಂಥವರಿಗೆ.

"ತಿಳಿಯೋಕೆ ಎಂ.ಬಿ.ಬಿ.ಎಸ್. ಬೇಕಿಲ್ಲ, ಕಣ್ಣು ಬೇಕು" ಎಂದರು, ಮತ್ತೆ ಅದೇ ಜಂಬ. "ಮೂಗು ಸುರಿಸ್ಕೊಂಡು ಆಟ ಆಡೋ ಮಗುವನ್ನು ಅದರ ಪಾಡಿಗೆ ಬಿಡಿ. ಆಟ ಬಿಟ್ಟು ಮೂಲೆ ಹಿಡಿದ ಮಗುವನ್ನ ನೋಡಿ. ನೀರು ನುಂಗಲಾರದು ಅಂದ್ರೆ, ಉಸಿರು ಎಳೆಯೋವಾಗ ಪಕ್ಕೆ ಒಳಗೆ ಹೋದ್ರೆ, ಕರೆದ್ರೆ ಸರಿಯಾಗಿ ಕಣ್ಣು ಬಿಡಲ್ಲ ಅಂದ್ರೆ, ಗಂಟಲಲ್ಲಿ ಪೊರೆ ಕಂಡ್ರೆ — ಒಂದು ಗಂಟೇನೂ ಕಾಯಬೇಡಿ. ಜ್ವರ ಬಿಟ್ಟು ಬಿಟ್ಟು ದಿನಾ ಏರ್ತಾ ಹೋದ್ರೂ ಅಷ್ಟೇ. ಕೂಸಾದ್ರಂತೂ ಯೋಚನೇನೇ ಬೇಡ, ತಗೊಂಡು ಬನ್ನಿ. ಉಳಿದದ್ದಕ್ಕೆಲ್ಲ ಬಿಸಿನೀರು, ಗಂಜಿ, ನಿದ್ದೆ. ನಮ್ಮ ಜನ ತಿರುಗಾಮುರುಗಾ ಮಾಡ್ತಾರೆ. ನೆಗಡಿಗೆ ಇಂಜೆಕ್ಷನ್ ಬೇಕು ಅಂತ ನನ್ನ ಬಾಗಿಲು ಮುರೀತಾರೆ. ಇಂಥದ್ದಕ್ಕೆ ತಾಯತ ಕಟ್ಟಿ ಮನೇಲಿ ಮಲಗಿಸ್ತಾರೆ."

"ಇಲ್ಲವೇ ಗುಳಿಗೆ" ಎಂದೆ.

"ನಾನು ಹೇಳಲಿಲ್ಲ" ಎಂದರು.

ಆಯನೂರು ದಾಟುವಾಗ ಗುತ್ತಿಯ ತುಟಿ ನೀಲಿಗೆ ತಿರುಗಿತು. ನನ್ನ ಸೆರಗು ಹಿಡಿದಿದ್ದ ಬೆರಳು ಸಡಿಲವಾಯಿತು. ಡ್ರೈವರು, ಸುಬ್ಬಪ್ಪ ಎಂಬ ಮುದುಕ, ಯಾರೂ ಹೇಳದೆ ತಾನೇ ಹಾರ್ನ್ ಮೇಲೆ ಕೈಯಿಟ್ಟು ಆಸ್ಪತ್ರೆಯವರೆಗೂ ಎತ್ತಲಿಲ್ಲ. ಕನ್ನಮ್ಮ ಚಂದ್ರಗುತ್ತಿಯ ದೇವಿಗೆ ಹರಕೆಯ ಮೇಲೆ ಹರಕೆ. ನಾನು ಮಗುವಿನ ಕಿವಿಯಲ್ಲಿ ಮಗ್ಗಿ ಹೇಳಿದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ, ಬೇರೇನೂ ತೋಚಲಿಲ್ಲ.

ಸೀರಮ್ ಕೊಟ್ಟರು. ಆ ರಾತ್ರಿ, ಮರುದಿನ, ಹೇಳತೀರದು. ಮೂರನೆಯ ದಿನ ಪೊರೆ ಅಂಚಿನಲ್ಲಿ ಬಿಟ್ಟುಕೊಂಡಿತು. ನಾಲ್ಕನೆಯ ದಿನ ಗಂಜಿ ನೀರು ಕುಡಿಯಿತು. ಪುಟ್ಟಪ್ಪನ ಮಗುವೂ ಅದೇ ವಾರ್ಡಿಗೆ ಬಂದಿತ್ತು. ಅದಕ್ಕೆ ಹೆಚ್ಚೇನೂ ಆಗಲಿಲ್ಲ. ಹೊತ್ತಿಗೆ ಬಂದದ್ದು.

ಗುತ್ತಿಯೂ ಕನ್ನಮ್ಮನೂ ಇನ್ನೂ ಅಲ್ಲೇ ಇದ್ದಾರೆ. ನಾನು ಇದ್ದಷ್ಟು ದಿನ ರಾತ್ರಿ ಅಲ್ಲಿಯ ತಂಗಿಯ ಮನೆ, ಹಗಲು ಆಸ್ಪತ್ರೆ. ಇವರಿಂದ ಒಂದು ಕಾಗದ ಬಂತು. ಮೂಗು ಸರಿಹೋಗಿದೆಯಂತೆ.

೨೮-೧೧-೬೫, ಭಾನುವಾರ

ಜಗುಲಿ ಮತ್ತೆ ತುಂಬಿದೆ! ಮೊದಲಿಗಿಂತ ಹೆಚ್ಚು ಜನ. ಸಾಹೇಬರ ಹಿತ್ತಿಲ ಮಗು ಸಾವಿನ ಬಾಯಿಂದ ಪಾರಾಯಿತಂತೆ ಎಂದು ಸುದ್ದಿ. ಹೇಗೆ ಪಾರಾಯಿತು ಎಂದು ಇವರೇ ಹೇಳುತ್ತಿದ್ದರು, ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು —

"ನಾನು ಮೊದಲೇ ಕೊಟ್ಟ ಗುಳಿಗೆ ಹಿಡಿದಿಟ್ಟಿತ್ತು. ಇಲ್ಲದಿದ್ರೆ ಅದು ಶಿವಮೊಗ್ಗ ಮುಟ್ತಿತ್ತಾ? ಅಲ್ಲಿಯವರು ಏನೋ ಒಂದು ಸೂಜಿ ಚುಚ್ಚಿ ಹೆಸರು ತಗೊಂಡ್ರು."

ಎಲ್ಲರೂ ಹೌದೌದು ಎಂದರು. ಹುಲಿಯಪ್ಪ ಕಂಬದ ಪಕ್ಕ ನಿಂತು ಕೈಮುಗಿದ. ನಾನು ಒಳಗೆ ತೆಂಗಿನಕಾಯಿ ತುರಿಯುತ್ತಿದ್ದೆ. ಬೆರಳಿನ ಗಂಟು ತುರಿದುಹೋಯಿತು.

ಪುಟ್ಟಪ್ಪ ಮಾತ್ರ ಈ ಬೀದಿಗೆ ಬರುವುದಿಲ್ಲ. ಶಿರಸ್ತೇದಾರರ ಮನೆ ತಪ್ಪಿಸಿ ಕೆರೆ ದಾರಿಯಲ್ಲಿ ಸುತ್ತಿ ಹೋಗುತ್ತಾನಂತೆ. ಇವರು ಕೇಳಿ, "ಕೃತಜ್ಞತೆ ಇಲ್ಲದ ಮನುಷ್ಯ" ಎಂದರು.

೫-೧೨-೬೫, ಭಾನುವಾರ

ಗುತ್ತಿ ಬಂತು. ಅಪ್ಪನ ಹೆಗಲ ಮೇಲೆ. ಕಡ್ಡಿಯಾಗಿದೆ. ಮಾತಾಡಿದರೆ ಗುಂಯ್ ಎನ್ನುತ್ತದೆ. ನೀರು ಕುಡಿದರೆ ಸ್ವಲ್ಪ ಮೂಗಿನಿಂದ ಬರುತ್ತದೆ, ಕಾಯಿಲೆಯ ವಿಷದಿಂದ ಹಾಗಂತೆ, ಹೋಗುತ್ತದಂತೆ. ಎದೆಗೂ ಆ ವಿಷ ತಾಗಿರಬಹುದು, ಇನ್ನೂ ಕೆಲವು ವಾರ ಓಡಬಾರದು, ಮಲಗಿಯೇ ಇರಬೇಕು ಎಂದು ಕಟ್ಟಪ್ಪಣೆ.

ಅಜ್ಜಿಯರು, ನೆಂಟರು ಆಗಲೇ ಬಂದು "ಎದ್ದು ನಡಿ ನೋಡಾನ" ಎನ್ನುತ್ತಿದ್ದರು. ಕೋಲು ಹಿಡಿದು ನಿಲ್ಲಬೇಕಾಯಿತು ನಾನು. ಗುಣವಾಗುತ್ತಿರುವವರನ್ನು ಕೊಲ್ಲುವುದರಲ್ಲಿ ನೆಂಟರಷ್ಟು ನಿಪುಣರಿಲ್ಲ.

ಎಲ್ಲರೂ ಹೋದ ಮೇಲೆ ಕನ್ನಮ್ಮನಿಗೆ ಹೇಳಿದೆ — ಕೇಳಿದೆಯಲ್ಲ, ನಿಮ್ಮ ಸಾಹೇಬರ ಗುಳಿಗೆಯೇ ಉಳಿಸಿತಂತೆ.

ಅವಳು ಒಲೆಗೆ ಕಡ್ಡಿ ಒಟ್ಟುತ್ತಿದ್ದಳು. ತಿರುಗಲಿಲ್ಲ. "ಹೇಳ್ಕಣ್ಲಿ ಬಿಡ್ರಮ್ಮ. ನಮ್ ಯಜಮಾನ್ರು ಕೈ ಮುಗೀಬೇಕು, ಕೆಲ್ಸ ಅದೆ. ನಂಗೆ ಗೊತ್ತಾತಲ್ರ. ಆ ಗುಳಿಗೆ ಪೊಟ್ಣ ನಾನು ಕೋಳಿಗೆ ಹಾಕ್ದೆ. ಅವೂ ಹಂಗೇ ಅದಾವೆ."

ನಕ್ಕೆವು. ಇಬ್ಬರೂ. ಇವಳನ್ನು ಇಷ್ಟು ವರ್ಷ ಮಂಕು ಎಂದುಕೊಂಡಿದ್ದೆ.

೮-೧೨-೬೫, ಬುಧವಾರ. ಸಂಜೆ.

ಬೆಳಿಗ್ಗೆ ಜಗುಲಿಗೆ ಹುಲಿಗೆಮ್ಮ ಎಂಬ ಹೆಂಗಸು ಬಂದಿದ್ದಳು, ನಗರ ಹೋಬಳಿಯವಳು. ಮಡಿಲಲ್ಲಿ ಕೂಸು. ಕೆಮ್ಮು, ಕಫ. ಇವರು ಕೂಸಿನ ಕೈ ಹಿಡಿದು ಕಣ್ಣು ಮುಚ್ಚಿ, "ಹ್ಞೂಂ, ಶೀತ" ಎಂದರು. ಹೊಸ ಶಬ್ದ ಒಂದು ಸೇರಿದೆ. ಸೀಸೆಗೆ ಕೈ ಹಾಕಿದರು.

ನಾನು ಕಾಫಿ ಕೊಡಲು ಬಂದಿದ್ದೆ. ಕೂಸಿನ ಬಟ್ಟೆ ಸರಿದಿತ್ತು. ಪುಟ್ಟ ಪಕ್ಕೆ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಹಾಲು ಕುಡಿಯುತ್ತದೆಯೇ ಎಂದೆ. ನಿನ್ನೆಯಿಂದ ಬಾಯಿ ಇಡೋದಿಲ್ರ ಎಂದಳು.

ಕಾಫಿ ನೆಲದ ಮೇಲಿಟ್ಟೆ. "ಇದು ಗುಳಿಗೆಯ ಕಾಯಿಲೆ ಅಲ್ಲ. ಇಲ್ಲಿಯ ಡಾಕ್ಟರು ಊರಲ್ಲಿದ್ದಾರೆ, ಈಗಲೇ ಹೋಗು. ಕೂಸಿಗೆ ಉಸಿರು ಕಟ್ಟುತ್ತಿದೆ ಎಂದು ಹೇಳಿ ಮುಂದೆ ನುಗ್ಗು. ಸಾಲಲ್ಲಿ ಕೂರಬೇಡ."

ಜಗುಲಿಯಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು.

"ವಾಗ್ದೇವಿ, ಒಳಗೆ ಹೋಗು" ಎಂದರು. ಮೆಲ್ಲಗೆ. ಜನರ ಎದುರು ಅವರು ಯಾವಾಗಲೂ ಮೆಲ್ಲಗೆ.

ಹುಲಿಗೆಮ್ಮ ಇವರನ್ನೂ ನನ್ನನ್ನೂ ನೋಡಿದಳು. ಇವರ ಕೈಯಲ್ಲಿ ಪೊಟ್ಟಣ ಚಾಚಿಯೇ ಇತ್ತು. ಹಿತ್ತಿಲ ಕಡೆಯಿಂದ ಕನ್ನಮ್ಮ ಬಂದಳು. ಕರೆದಿರಲಿಲ್ಲ ನಾನು. "ಬಾ ತಂಗಿ, ಆಸ್ಪತ್ರೆ ನಾನು ತೋರಿಸ್ತೀನಿ" ಎಂದು ಕೂಸನ್ನು ಎತ್ತಿಕೊಂಡು ಮೆಟ್ಟಿಲಿಳಿದೇ ಬಿಟ್ಟಳು, ಸಾಹೇಬರ ಮುಂದೆಯೇ. ಹುಲಿಯಪ್ಪ ಕಣ್ಣು ಮುಚ್ಚಿಕೊಂಡ.

ನಾನು ಒಳಗೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತೆ, ಪೆಟ್ಟಿಗೆಯ ಪಕ್ಕದಲ್ಲೇ. ಮುಂದಿನವರು ಯಾರು ಎಂದೆ.

ಮುಂದಿನವನು ಅಂಗಡಿಯ ಗೋಪಾಲಪ್ಪ. ಗೂಳಿಯಂತೆ ಇದ್ದಾನೆ, ಬರೀ ನೆಗಡಿ. ಮನೆಗೆ ಹೋಗಿ ಬಿಸಿನೀರು ಕುಡಿದು ಮಲಗಿ ಎಂದೆ. ಗುಳಿಗೆ ಎಂದ. ಬೇಡ ಎಂದೆ. ಮತ್ತೆ ಬಂದದ್ದಕ್ಕೆ ಏನು ಕೊಡ್ತೀರಿ ಎಂದ. ಮೂರ್ಖ! ಜಗುಲಿ ಅರ್ಧ ಗಂಟೆಯಲ್ಲಿ ಖಾಲಿ. ಕಾಯಿಲೆ ಇದ್ದವರು ಅಷ್ಟೇ ಮಂದಿ.

ಮಧ್ಯಾಹ್ನ ಕನ್ನಮ್ಮ ಬಂದು ಹೇಳಿದಳು, ಕೂಸಿಗೆ ನ್ಯುಮೋನಿಯಾ. ಸೂಜಿ ಕೊಟ್ಟು ಅಲ್ಲೇ ಇಟ್ಟುಕೊಂಡಿದ್ದಾರೆ. ಸಂಜೆಗೆ ಮೊಲೆ ಹಿಡಿಯಿತು ಎಂದು ಈಗ ಮತ್ತೆ ಬಂದು ಹೇಳಿದಳು.

ಇವರು ಊಟ ಮಾಡಲಿಲ್ಲ. ಕಛೇರಿಯಿಂದ ಬಂದವರು ಅಂಗಿ ಕೂಡ ಬಿಚ್ಚಿಲ್ಲ. ಪಡಸಾಲೆಯಲ್ಲಿ ಅಮ್ಮನೂ ಮಗನೂ ಪಿಸುಗುಟ್ಟುತ್ತಿದ್ದಾರೆ. ನನ್ನನ್ನು ತವರಿಗೆ ಕಳಿಸುವ ಮಾತು. ಕಳಿಸಲಿ, ಸಾಗರಕ್ಕೆ ತಾಳಗುಪ್ಪದ ರೈಲು ದಿನಾ ಹೋಗುತ್ತದೆ. ಕಳಿಸದಿದ್ದರೆ ನಾಳೆ ಬೆಳಿಗ್ಗೆಯೂ ಆ ಬೆಂಚಿನ ಮೇಲೆ ಕೂರುವವಳೇ. ಇದನ್ನು ಬಾಯಿಬಿಟ್ಟೇ ಹೇಳಬೇಕು. ಇಷ್ಟು ವರ್ಷ ಬರೆದು ಬರೆದು ಯಾರಿಗೆ ಹೇಳಿದಂತಾಯಿತು?

ಎದ್ದರು. ಈ ಕಡೆಗೇ ಬರುತ್ತಿದ್ದಾರೆ. ಮೊದಲ ಮಾತು ನಾನೇ ಆಡುತ್ತೇನೆ. ನೋಡಿ, ನಿಮ್ಮ ಪೆಟ್ಟಿಗೆ ನಾಳೆಯಿಂದ ಜಗುಲಿಗೆ ಬರಬಾರದು.